ಹಳೆಯ ಡಿಸ್ಕುಗಳಲ್ಲಿ ಒಬ್ಬ ಮದ್ದಲೆಗಾರರನ್ನು ಹುಡುಕಬೇಕಿದೆ, ಎಐ ನೆರವಾದೀತೇ?

ಶಿರಸಿಯ ಛಾಯಾಗ್ರಾಹಕ:
ಎಲ್ಲರಿಗೂ ನಮಸ್ಕಾರ. ಶಿರಸಿಯಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ ಇದೆ. ಹೊಟ್ಟೆಪಾಡಿಗೆ ಮದುವೆ, ಉಪನಯನ, ಮನಸ್ಸಿಗೆ ಯಕ್ಷಗಾನ. 2009ರಿಂದ ಸುತ್ತಲಿನ ಊರುಗಳಲ್ಲಿ ಆಟ ನಡೆದಲ್ಲೆಲ್ಲ ಕ್ಯಾಮೆರಾ ಹೊತ್ತು ಹೋಗಿದ್ದೇನೆ. ಈಗ 11 ಹಾರ್ಡ್ ಡಿಸ್ಕುಗಳಲ್ಲಿ ಹತ್ತಿರ ಹತ್ತಿರ 400 ಗಂಟೆಗಳ ಚಿತ್ರೀಕರಣ ಸೇರಿದೆ. ಅದಕ್ಕೂ ಹಿಂದಿನ 60 ಮಿನಿ ಡಿವಿ ಟೇಪುಗಳು ಕಪಾಟಿನಲ್ಲಿ ಬೇರೆ ಇವೆ.

ಕಳೆದ ತಿಂಗಳು ನಮ್ಮ ಕಡೆಯ ಹಿರಿಯ ಮದ್ದಲೆಗಾರರೊಬ್ಬರು ತೀರಿಕೊಂಡರು. ಮನೆಯವರನ್ನು ಕೇಳದೆ ಹೆಸರು ಹಾಕುವುದು ಸರಿಯಲ್ಲ. ಅವರ ಮಗ ಸ್ಟುಡಿಯೋಕ್ಕೆ ಬಂದು, ಅಪ್ಪಯ್ಯ ನುಡಿಸುವುದು ಕಾಣಿಸುವ ಒಂದು ತುಣುಕು ಕೂಡ ಮನೆಯಲ್ಲಿಲ್ಲ, ನಿಮ್ಮಲ್ಲಿ ಇದ್ದೀತೇ ಎಂದು ಕೇಳಿದ. ಇದೆ ಎಂದು ಒಪ್ಪಿಕೊಂಡುಬಿಟ್ಟೆ. ಇದೆ ಎನ್ನುವುದು ನನಗೆ ಖಾತ್ರಿ, ಆದರೆ ಎಲ್ಲಿ? ನನ್ನ ಫೋಲ್ಡರುಗಳ ಹೆಸರು ಊರು ಮತ್ತು ಪ್ರಸಂಗ, ಅಷ್ಟೇ. ಹಿಮ್ಮೇಳದಲ್ಲಿ ಯಾರಿದ್ದರು ಎಂದು ಒಂದರಲ್ಲೂ ಬರೆದಿಟ್ಟಿಲ್ಲ. ಆಟ ನಡೆಯುವಾಗ ಕ್ಯಾಮೆರಾ ವೇಷದ ಹಿಂದೆ ಓಡುತ್ತದೆ; ಹಿಂದೆ ಕುಳಿತು ಮದ್ದಲೆ ನುಡಿಸುವವರ ಮೇಲೆ ನಿಲ್ಲುವುದು ಇಡೀ ರಾತ್ರಿಯಲ್ಲಿ ಒಂದೆರಡು ನಿಮಿಷ ಮಾತ್ರ.

400 ಗಂಟೆ ಕುಳಿತು ನೋಡಲು ದಿನಕ್ಕೆ 8 ಗಂಟೆಯಂತೆ 50 ದಿನ ಬೇಕು, ಮದುವೆಯ ಸೀಸನ್ ಮುಂದಿದೆ. ವಿಡಿಯೋದೊಳಗೆ ಏನಿದೆ ಎಂದು ಎಐ ಹುಡುಕಿ ಕೊಡುತ್ತದೆ ಎಂದು ಓದಿದೆ. ಯಾರಾದರೂ ನಿಜವಾಗಿ ಬಳಸಿದ್ದೀರಾ? ಕನ್ನಡ ಅರ್ಥವಾಗುತ್ತದೆಯೇ? ಇಂಟರ್ನೆಟ್ಟಿಗೆ ಏರಿಸದೆ ಮಾಡಬಹುದೇ? ನನ್ನದು ಮನೆ ಸಂಪರ್ಕ, ಏರಿಸುವ ವೇಗ 20 ಎಂಬಿಪಿಎಸ್. ಲೆಕ್ಕ ಹಾಕಿದೆ: ಒಟ್ಟು ಸುಮಾರು 4.3 ಟಿಬಿ, ಹಗಲೂ ರಾತ್ರಿ ಒಂದೇ ಸಮನೆ ಏರಿಸಿದರೂ 20 ದಿನ.

ಮೊದಲ ಮಳೆ:
ಆ ಮಗನಿಗೆ ನನ್ನ ಸಂತಾಪ ತಿಳಿಸಿ. ಉತ್ತರಕ್ಕಾಗಿ ನಾನೂ ಕಾಯುತ್ತಿದ್ದೇನೆ, ನನ್ನ ಬಳಿಯೂ ಇಂಥದೇ ರಾಶಿ ಇದೆ.

ಕಾಳಿ ತೀರ:
ಕಾರವಾರದಿಂದ. ಸುದ್ದಿ ವಾಹಿನಿಗಳಿಗೆ ಕ್ಯಾಮೆರಾ ಕೆಲಸ ಮಾಡುತ್ತೇನೆ. ಅಡೋಬಿಯ ಸಂಕಲನ ತಂತ್ರಾಂಶ ಪ್ರೀಮಿಯರ್ ಪ್ರೊ ಇದ್ದರೆ ಬೇರೇನೂ ಕೊಳ್ಳಬೇಡಿ. 2025ರ ಏಪ್ರಿಲ್‌ನಲ್ಲಿ ಬಂದ 25.2 ಆವೃತ್ತಿಯಿಂದ ಅದರಲ್ಲೇ ಹುಡುಕಾಟದ ಫಲಕ ಇದೆ. ಕ್ಲಿಪ್ಪುಗಳನ್ನು ಯೋಜನೆಗೆ ಸೇರಿಸಿ ಬಿಟ್ಟರೆ ತಾನೇ ವಿಶ್ಲೇಷಿಸಿಕೊಳ್ಳುತ್ತದೆ. ಆಮೇಲೆ "ಡೋಲು ನುಡಿಸುತ್ತಿರುವ ವ್ಯಕ್ತಿ" ಎಂಬಂಥ ವಾಕ್ಯವನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಆ ದೃಶ್ಯಗಳನ್ನೇ ತೆಗೆದು ತೋರಿಸುತ್ತದೆ.

ಹಳೆಯ ರೀಲು:
ಅದು ನಿಮ್ಮ ವಿಡಿಯೋವನ್ನೆಲ್ಲ ಕಂಪನಿಯ ಸರ್ವರಿಗೆ ಕಳುಹಿಸಿ ನೋಡುತ್ತದೆ. ಅವರು ಬೇಡ ಎಂದದ್ದೇ ಅದು.

ಕಾಳಿ ತೀರ:
ಇಲ್ಲ, ಆ ವಿಶ್ಲೇಷಣೆ ನಮ್ಮ ಕಂಪ್ಯೂಟರಿನಲ್ಲೇ ನಡೆಯುತ್ತದೆ. ಇಂಟರ್ನೆಟ್ ತಂತಿ ಕಿತ್ತು ಪಕ್ಕಕ್ಕಿಟ್ಟು ನಾನೇ ಪರೀಕ್ಷಿಸಿದ್ದೇನೆ, ಹುಡುಕಾಟ ನಿಲ್ಲಲಿಲ್ಲ. ಕಾರವಾರದಲ್ಲಿ ನನಗೆ ಇದು ಮುಖ್ಯವಾಗಲು ಇನ್ನೊಂದು ಕಾರಣವೂ ಇದೆ. ನೌಕಾನೆಲೆಯ ಅಂಚು ಚೌಕಟ್ಟಿನಲ್ಲಿ ಬಂದಿರಬಹುದಾದ ಕಚ್ಚಾ ವಿಡಿಯೋವನ್ನು ಯಾವ ಸರ್ವರಿಗೂ ಏರಿಸಲು ನಾನು ತಯಾರಿಲ್ಲ.

ಆದರೆ ಶಿರಸಿಯವರೇ, ಒಂದು ಮಿತಿ ಹೇಳಬೇಕು. ಈ ಫಲಕ ಮುಖ ನೋಡಿ ಇಂಥವರೇ ಎಂದು ಗುರುತಿಸುವುದಿಲ್ಲ. ಡೋಲು ನುಡಿಸುವವರು ಎಂದರೆ 400 ಗಂಟೆಯಲ್ಲಿರುವ ಎಲ್ಲ ಮದ್ದಲೆ, ಚಂಡೆಯವರೂ ಬರುತ್ತಾರೆ. ಅದರಲ್ಲಿ ಅವರನ್ನು ಆರಿಸುವುದು ನಿಮ್ಮ ಕಣ್ಣಿನ ಕೆಲಸ.

ಬೆಟ್ಟದ ಹಾದಿ:
ಮುಖ ಗುರುತಿಸಬೇಕೆಂದರೆ ಡಾವಿಂಚಿ ರಿಸಾಲ್ವ್ ಎಂಬ ಸಂಕಲನ ತಂತ್ರಾಂಶ ನೋಡಿ. ವ್ಯಕ್ತಿಗಳನ್ನು ವಿಂಗಡಿಸಿ ಒಬ್ಬೊಬ್ಬರಿಗೆ ಒಂದೊಂದು ಬುಟ್ಟಿ ಮಾಡಿ ಕೊಡುತ್ತದೆ. ಉಚಿತವಾಗಿಯೇ ಸಿಗುತ್ತದೆ.

ಅಘನಾಶಿನಿ:
ಉಚಿತ ಆವೃತ್ತಿಯಲ್ಲಿ ಅದು ಇಲ್ಲ. ಮುಖ ವಿಂಗಡಣೆಗೆ ಹಣ ಕೊಟ್ಟು ಕೊಳ್ಳುವ ಸ್ಟುಡಿಯೋ ಆವೃತ್ತಿಯೇ ಬೇಕು. ಒಮ್ಮೆ ಕೊಂಡರೆ ಸಾಕು, ತಿಂಗಳ ಬಾಡಿಗೆ ಇಲ್ಲ ಎನ್ನುವುದು ಸಮಾಧಾನ.

ಬೆಟ್ಟದ ಹಾದಿ:
ಹೌದು, ನನ್ನದು ತಪ್ಪಾಯಿತು. ನನ್ನಲ್ಲಿರುವುದು ಸ್ಟುಡಿಯೋ ಆವೃತ್ತಿ. ಯಲ್ಲಾಪುರದ ಮದುವೆಯೊಂದರಲ್ಲಿ ಬಳಸಿದ ಅನುಭವ ಹೇಳುತ್ತೇನೆ: ಮದುಮಗ, ಮದುಮಗಳನ್ನು ಸರಿಯಾಗಿ ಹಿಡಿಯಿತು. ಆದರೆ ಮದುಮಗಳ ತಾಯಿ ಮತ್ತು ಚಿಕ್ಕಮ್ಮನನ್ನು ಒಂದೇ ಬುಟ್ಟಿಗೆ ಹಾಕಿತ್ತು. ಬಾಸಿಂಗ ಕಟ್ಟಿದ ಮೇಲೆ ಮದುಮಗ ಬೇರೆಯೇ ವ್ಯಕ್ತಿ ಎಂದು ಇನ್ನೊಂದು ಬುಟ್ಟಿ ಮಾಡಿತ್ತು.

ತಾಳಮದ್ದಲೆ ಪ್ರಿಯ:
ಹೊನ್ನಾವರದ ಕಡೆಯವನು, ವಯಸ್ಸು 68. ಬಾಸಿಂಗಕ್ಕೇ ಹೀಗಾದರೆ ವೇಷಕ್ಕೆ ಏನಾದೀತು? ನನ್ನ ಮೊಮ್ಮಗಳು ನನ್ನ ಹಳೆಯ ಸಂಗ್ರಹವನ್ನು ಇಂಥದೊಂದು ತಂತ್ರಾಂಶಕ್ಕೆ ಕೊಟ್ಟಳು. ಚೌಕಿಯಲ್ಲಿ ಬಣ್ಣ ಹಚ್ಚುವ ಮೊದಲು ಕುಳಿತ ಕಲಾವಿದ ಒಬ್ಬ, ಮುಂಡಾಸು ಕಟ್ಟಿ ರಂಗಸ್ಥಳಕ್ಕೆ ಬಂದವನು ಇನ್ನೊಬ್ಬ ಎಂದು ಅದು ಎಣಿಸಿತು. ಇದಕ್ಕೆ ನಾನು ಅದನ್ನು ದೂರುವುದಿಲ್ಲ, ವೇಷ ಎಂದರೆ ಅದೇ ಅಲ್ಲವೇ! ಆದರೆ ಮೂವರು ಬೇರೆ ಬೇರೆ ಸ್ತ್ರೀವೇಷಧಾರಿಗಳನ್ನು ಒಬ್ಬರೇ ಎಂದದ್ದು ಮಾತ್ರ ನನಗೆ ಬಹಳ ನೋವಾಯಿತು. ಒಬ್ಬೊಬ್ಬರ ಹೆಜ್ಜೆಯೂ ಬೇರೆ, ಕೊರಳು ಹೊರಳುವ ರೀತಿಯೂ ಬೇರೆ. ನಿದ್ದೆಗಣ್ಣಿನಲ್ಲೂ ನಾವು ಹೇಳಬಲ್ಲೆವು.

ಶಿರಸಿಯವರಿಗೆ ಒಂದು ಅನುಕೂಲ ಇದೆ. ಹಿಮ್ಮೇಳದವರಿಗೆ ಬಣ್ಣವಿಲ್ಲ, ಮುಖ ಇದ್ದ ಹಾಗೆಯೇ ಇರುತ್ತದೆ. ತಲೆಗೊಂದು ಮುಂಡಾಸು ಇರುತ್ತದೆ, ಅಷ್ಟೇ.

ಶಿರಸಿಯ ಛಾಯಾಗ್ರಾಹಕ:
ಇದು ಹೊಳೆದಿರಲಿಲ್ಲ, ಧನ್ಯವಾದ. ಆದರೆ ನನ್ನ ಚೌಕಟ್ಟಿನಲ್ಲಿ ಅವರ ಮುಖ ಹೆಬ್ಬೆರಳಿನ ಉಗುರಿನಷ್ಟು. ಅರ್ಧ ಭಾಗ ಭಾಗವತರ ಹಿಂದೆ, ಇನ್ನರ್ಧ ನೆರಳಿನಲ್ಲಿ.

ಅಘನಾಶಿನಿ:
ಕುಮಟಾದವಳು, ಬೆಂಗಳೂರಿನಲ್ಲಿ ತಂತ್ರಾಂಶದ ಕೆಲಸ. ಇಲ್ಲೇ ಸ್ವಲ್ಪ ಬಿಡಿಸಿ ಹೇಳಬೇಕು ಅನ್ನಿಸುತ್ತಿದೆ, ಉದ್ದವಾದರೆ ಕ್ಷಮಿಸಿ.

ಈ ಹುಡುಕಾಟಗಳ ಬೇರು ಹೆಚ್ಚಾಗಿ ಒಂದೇ. 2021ರ ಜನವರಿಯಲ್ಲಿ ಓಪನ್‌ಎಐ ಸಂಸ್ಥೆ ಕ್ಲಿಪ್ ಎಂಬ ಎಐ ಮಾದರಿಯನ್ನು ಪ್ರಕಟಿಸಿತು. ಇಂಟರ್ನೆಟ್ಟಿನಿಂದ ತೆಗೆದ 40 ಕೋಟಿ ಚಿತ್ರಗಳನ್ನೂ ಅವುಗಳ ಜೊತೆಗಿದ್ದ ಬರಹವನ್ನೂ ಜೋಡಿಜೋಡಿಯಾಗಿ ತೋರಿಸಿ ಅದಕ್ಕೆ ಕಲಿಸಿದ್ದರು. ಚಿತ್ರವನ್ನೂ ಮಾತನ್ನೂ ಒಂದೇ ಭೂಪಟದ ಮೇಲೆ ಗುರುತು ಹಾಕುವುದು ಅದರ ಕೆಲಸ. ನೀವು "ಸಮುದ್ರ ತೀರದಲ್ಲಿ ದೋಣಿ" ಎಂದರೆ ಆ ಮಾತು ಭೂಪಟದಲ್ಲಿ ಎಲ್ಲಿ ಬೀಳುತ್ತದೆಯೋ ಅದರ ಆಸುಪಾಸಿನ ಚಿತ್ರಗಳನ್ನು ತಂದು ಕೊಡುತ್ತದೆ. ವಿಡಿಯೋ ಆದರೆ ಸೆಕೆಂಡಿಗೆ ಒಂದು ಚೌಕಟ್ಟಿನಂತೆ ಕತ್ತರಿಸಿ ಒಂದೊಂದನ್ನೂ ಹೀಗೇ ಗುರುತು ಹಾಕುತ್ತಾರೆ. ನಿಮ್ಮ 400 ಗಂಟೆ ಎಂದರೆ 14 ಲಕ್ಷ 40 ಸಾವಿರ ಚೌಕಟ್ಟು. ಒಂದು ಚೌಕಟ್ಟಿಗೆ 512 ಸಂಖ್ಯೆಗಳು, ಅಂದರೆ 2 ಕೆಬಿ. ಒಟ್ಟು 3 ಜಿಬಿಯೊಳಗೆ ಮುಗಿಯಿತು, ಪೆನ್ ಡ್ರೈವಿನಲ್ಲಿ ಇಟ್ಟುಕೊಳ್ಳಬಹುದು. ಗುರುತು ಹಾಕಲು ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇದ್ದರೆ ರಾತ್ರಿಯಿಡೀ ಬಿಟ್ಟು ಮಲಗಬಹುದು.

ಈಗ ನಿಮ್ಮ ತೊಂದರೆಗೆ ಬರುತ್ತೇನೆ. ಆ ಮಾದರಿಯ ಸಣ್ಣ ರೂಪ ಪ್ರತಿ ಚೌಕಟ್ಟನ್ನೂ 224 ಗುಣಿಸು 224 ಪಿಕ್ಸೆಲ್ಲಿಗೆ ಕುಗ್ಗಿಸಿಕೊಂಡು ನೋಡುತ್ತದೆ. ನೀವು 4ಕೆಯಲ್ಲಿ ತೆಗೆದಿರಿ, ಎಚ್‌ಡಿಯಲ್ಲಿ ತೆಗೆದಿರಿ, ಅದಕ್ಕೆ ಕಾಣುವುದು ಅಂಚೆಚೀಟಿಯಷ್ಟು ಚಿತ್ರ. ಆ ಚೀಟಿಯಲ್ಲಿ ನಿಮ್ಮ ಮದ್ದಲೆಗಾರರು ಒಂದು ಚುಕ್ಕೆ. ಹಾಗಾಗಿ ಪೂರ್ತಿ ಚೌಕಟ್ಟು ಕೊಡಬೇಡಿ. ನೀವು ಕ್ಯಾಮೆರಾ ಸ್ಟ್ಯಾಂಡಿನ ಮೇಲಿಟ್ಟು ಇಡೀ ರಂಗಸ್ಥಳ ತೆಗೆದ ವಿಡಿಯೋಗಳಲ್ಲಿ ಹಿಮ್ಮೇಳ ಇರುವ ಜಾಗ ಹೆಚ್ಚು ಬದಲಾಗುವುದಿಲ್ಲ. ಆ ಭಾಗವನ್ನಷ್ಟೇ ಕತ್ತರಿಸಿ ಬೇರೆ ವಿಡಿಯೋ ಮಾಡಿ, ಅದರಲ್ಲಿ ಮುಖ ಹುಡುಕಲು ಬಿಡಿ. ಎಫ್‌ಎಫ್‌ಎಂಪೆಗ್ ಎಂಬ ಉಚಿತ ಸಾಧನದಲ್ಲಿ ಒಂದು ಸಾಲಿನ ಆಜ್ಞೆಯ ಕೆಲಸ. ಬೇಕಾದರೆ ಬರೆದು ಕೊಡುತ್ತೇನೆ.

ಶಿರಸಿಯ ಛಾಯಾಗ್ರಾಹಕ:
ದಯವಿಟ್ಟು ಬರೆದು ಕೊಡಿ ತಂಗಿ. ಎರಡು ಡಿಸ್ಕು ಹಚ್ಚಿ ನಾಳೆಯೇ ಆರಂಭಿಸುತ್ತೇನೆ.

ಹಳೆಯ ರೀಲು:
ನಾನು 30 ವರ್ಷಗಳಿಂದ ಸಂಕಲನದ ಮೇಜಿನ ಮುಂದೆ ಕುಳಿತವನು. ಒಬ್ಬರೂ ಹೇಳದ ಮಾತನ್ನು ಹೇಳಿಬಿಡುತ್ತೇನೆ. ಕಚ್ಚಾ ವಿಡಿಯೋವನ್ನು ಪೂರ್ತಿ ನೋಡುವುದೇ ಸಂಕಲನದ ಅರ್ಧ ಕೆಲಸ. ಅದನ್ನು ತಪ್ಪಿಸಿಕೊಳ್ಳಲು ದಾರಿ ಹುಡುಕುವವರು ಸಂಕಲನವನ್ನೇ ತಪ್ಪಿಸಿಕೊಳ್ಳುತ್ತಿದ್ದಾರೆ.

ಒಂದು ಉದಾಹರಣೆ ಕೊಡುತ್ತೇನೆ. ಮಾಜಾಳಿಯ ಕಡೆ ಮೀನುಗಾರ ಕುಟುಂಬವೊಂದರ ಮದುವೆ. ಮಂಟಪದ ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ಖಾಲಿ. ಊಟದ ಹೊತ್ತಿನವರೆಗೂ ಖಾಲಿ. ಅಷ್ಟು ಜನಜಂಗುಳಿಯಲ್ಲೂ ಅಲ್ಲಿ ಯಾರೂ ಕುಳಿತುಕೊಳ್ಳುವುದಿಲ್ಲ. ಮೂರು ಗಂಟೆಯ ವಿಡಿಯೋ ನೋಡಿದ ಮೇಲೆ ಅದು ನನ್ನ ಕಣ್ಣಿಗೆ ಬಿತ್ತು. ಕೇಳಿದರೆ, ಮದುಮಗನ ಅಪ್ಪ ಹಿಂದಿನ ವರ್ಷ ಕಡಲಿನಿಂದ ಬಂದಿರಲಿಲ್ಲ; ಅದು ಅವರಿಗೆಂದು ಇಟ್ಟ ಕುರ್ಚಿ. ಇಡೀ ಚಿತ್ರ ಆ ಕುರ್ಚಿಯ ಸುತ್ತ ನಿಂತಿತು. "ಖಾಲಿ ಕುರ್ಚಿ" ಎಂದು ಹುಡುಕಿದರೆ ಯಂತ್ರ ತೋರಿಸುತ್ತಿತ್ತು, ಅದನ್ನು ಒಪ್ಪುತ್ತೇನೆ. ಹುಡುಕಬೇಕೆಂದು ನನಗೆ ಹೇಳುವವರು ಯಾರು?

ಕಾಳಿ ತೀರ:
ನಿಮ್ಮ ಅನುಭವಕ್ಕೆ ಕೈಮುಗಿಯುತ್ತೇನೆ. ಆದರೆ ಇವರು ಕೇಳುತ್ತಿರುವುದು ಅದಲ್ಲ. ಇವರಿಗೆ ಏನು ಬೇಕೆಂದು ಗೊತ್ತಿದೆ, ಎಲ್ಲಿದೆ ಎಂದು ಗೊತ್ತಿಲ್ಲ. 50 ದಿನ ಕುಳಿತು ನೋಡಿ ಎಂದರೆ ಆ ಮನೆಗೆ ಏನೂ ಸಿಗದೆ ಹೋಗಬಹುದು.

ಹಳೆಯ ರೀಲು:
ಆ ಮನೆಯ ಕೆಲಸಕ್ಕೆ ನನ್ನ ವಿರೋಧವಿಲ್ಲ. ನನ್ನ ಚಿಂತೆ ಹೊಸ ಹುಡುಗರದು. ನನ್ನ ಬಳಿ ಕಲಿಯಲು ಬಂದ ಹುಡುಗ ಮೂರು ತಿಂಗಳು ಬರೀ ವಿಡಿಯೋ ನೋಡಿ ಪಟ್ಟಿ ಬರೆದ. ಬೇಸರವಾದರೂ ಕಣ್ಣು ಪಳಗಿತು. ಆ ಪಟ್ಟಿಯನ್ನು ಯಂತ್ರ ಬರೆದರೆ ಹುಡುಗನ ಕಣ್ಣು ಪಳಗುವುದು ಹೇಗೆ?

ಮೊದಲ ಮಳೆ:
ನಾನೇ ಅಂಥ ಹೊಸಬಳು. ಒಂದು ಮದುವೆಗೆ ನಾಲ್ಕು ಕ್ಯಾಮೆರಾ, ಒಂದು ಡ್ರೋನ್, ಎರಡು ದಿನ. ನಿಮ್ಮ ಕಾಲದಲ್ಲಿ ಟೇಪು ದುಬಾರಿ, ಅಳೆದು ತೂಗಿ ತೆಗೆಯುತ್ತಿದ್ದರು ಸರ್. ಈಗ 20 ಗಂಟೆಯ ಕಚ್ಚಾ ವಿಡಿಯೋ ಕೊಟ್ಟು ನಾಲ್ಕು ದಿನದಲ್ಲಿ ಮುಗಿಸು ಎನ್ನುತ್ತಾರೆ. ಪೂರ್ತಿ ನೋಡಲು ನನಗೂ ಆಸೆಯಿದೆ, ಸಂಬಳ ಕೊಡುವವರು ಆ ಸಮಯ ಕೊಡುವುದಿಲ್ಲ.

ಹಳೆಯ ರೀಲು:
ಇದು ನ್ಯಾಯವಾದ ಮಾತು ಮಗಳೇ. ಇದಕ್ಕೆ ನನ್ನಲ್ಲಿ ಉತ್ತರವಿಲ್ಲ.

ಕಾಳಿ ತೀರ:
ಯಂತ್ರವನ್ನು ಕುರುಡಾಗಿ ನಂಬಿದರೆ ಏನಾಗುತ್ತದೆ ಎನ್ನುವುದಕ್ಕೆ ನನ್ನದೇ ಒಂದು ಉದಾಹರಣೆ ಇದೆ. 2024ರ ಆಗಸ್ಟ್ 7ರ ನಸುಕಿಗೆ ಮುನ್ನ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನದಿಗೆ ಬಿತ್ತು, ನೆನಪಿರಬಹುದು. ಅದರ ಬಗ್ಗೆ ಒಂದು ವರ್ಷದ ನಂತರ ವಿಶೇಷ ವರದಿ ಮಾಡುವಾಗ ಸೇತುವೆ ಗಟ್ಟಿಯಾಗಿ ನಿಂತಿದ್ದ ಕಾಲದ ವಿಡಿಯೋ ಬೇಕಾಯಿತು. "ನದಿಯ ಮೇಲೆ ಉದ್ದನೆಯ ಸೇತುವೆ, ಹಿಂದೆ ಗುಡ್ಡ" ಎಂದು ಹುಡುಕಿದೆ. ಕಾಳಿ ಬಂತು. ಅದರ ಜೊತೆ ಹೊನ್ನಾವರದ ಶರಾವತಿ ಸೇತುವೆ ಬಂತು, ಗಂಗಾವಳಿಯದು ಬಂತು, ಕೊಂಕಣ ರೈಲ್ವೆಯ ಸೇತುವೆಯೂ ಬಂತು. ನಮ್ಮ ಜಿಲ್ಲೆಯಲ್ಲಿ ಎಲ್ಲ ನದಿಗೂ ಸೇತುವೆ, ಎಲ್ಲ ಸೇತುವೆಗೂ ಗುಡ್ಡ! ಸದಾಶಿವಗಡದ ಗುಡ್ಡ ನನಗೆ ಗೊತ್ತು, ಅದಕ್ಕೆ ಗೊತ್ತಿಲ್ಲ. ಬೆಂಗಳೂರಿನ ಮೇಜಿನಲ್ಲಿ ಕುಳಿತ ಸಂಕಲನಕಾರ ಇವುಗಳಲ್ಲಿ ಯಾವುದನ್ನು ಹಾಕಿದ್ದರೂ ಯಾರೂ ತಡೆಯುತ್ತಿರಲಿಲ್ಲ. ಸುದ್ದಿಯಲ್ಲಿ ಬೇರೆ ನದಿಯ ಸೇತುವೆ ತೋರಿಸುವುದು ಸುಳ್ಳು ಹೇಳಿದಂತೆಯೇ. ಅಂದಿನಿಂದ ಚಿತ್ರೀಕರಣ ಮುಗಿದ ಕೂಡಲೇ ಊರು, ದಿನಾಂಕ ಬರೆದೇ ಮಲಗುತ್ತೇನೆ.

ಕ್ಯಾಮೆರಾದ ಗಡಿಯಾರವನ್ನೂ ನೋಡಿಕೊಳ್ಳಿ. ಒಳಗಿನ ಸಣ್ಣ ಬ್ಯಾಟರಿ ಸತ್ತರೆ ದಿನಾಂಕ ಆ ಗಡಿಯಾರ ಎಣಿಕೆ ಶುರುಮಾಡುವ ಮೊದಲ ವರ್ಷದ ಜನವರಿ 1ಕ್ಕೆ ಹೋಗಿ ಕೂರುತ್ತದೆ. ನನ್ನ ಎರಡು ಮಳೆಗಾಲಗಳ ವಿಡಿಯೋಕ್ಕೆ ಒಂದೇ ದಿನಾಂಕ ಬಿದ್ದಿದೆ.

ದಾಂಡೇಲಿಯ ಮಂಗಟ್ಟೆ:
ಹಕ್ಕಿಗಳಿಗೂ ಇದೇ ಪಾಡು. ನಮ್ಮ ಕಾಡಿನಲ್ಲಿ ನಾಲ್ಕು ಜಾತಿಯ ಮಂಗಟ್ಟೆಗಳಿವೆ. ಹುಡುಕಾಟ ನಾಲ್ಕನ್ನೂ ಒಟ್ಟಿಗೆ ತಂದು ಸುರಿಯುತ್ತದೆ. ಆದರೆ 9 ಗಂಟೆಯ ಖಾಲಿ ಕೊಂಬೆಯ ವಿಡಿಯೋದಲ್ಲಿ ಹಕ್ಕಿ ಬಂದು ಕುಳಿತ 6 ನಿಮಿಷವನ್ನು ಹಿಡಿದು ಕೊಟ್ಟಿತು. ಜಾತಿ ನಾನು ಹೇಳುತ್ತೇನೆ, ಬಂದ ಹೊತ್ತನ್ನು ಅದು ಹೇಳಲಿ. ನನಗೆ ಅಷ್ಟು ಸಾಕು.

ತಾಳಮದ್ದಲೆ ಪ್ರಿಯ:
"ಯಕ್ಷಗಾನ" ಎಂದೇ ಟೈಪ್ ಮಾಡಿದರೆ ಸಿಗುವುದಿಲ್ಲವೇ? ಯಾರಾದರೂ ನೋಡಿದ್ದೀರಾ?

ಬೆಟ್ಟದ ಹಾದಿ:
ನೋಡಿದ್ದೇನೆ ಹಿರಿಯರೇ. ಯಕ್ಷಗಾನ ಎಂದರೆ ತಡವರಿಸಿತು. "ಕಥಕ್ಕಳಿ" ಎಂದೆ, ನಮ್ಮ ಬಡಗುತಿಟ್ಟಿನ ವೇಷಗಳೆಲ್ಲ ಸಾಲಾಗಿ ಬಂದು ನಿಂತವು.

ತಾಳಮದ್ದಲೆ ಪ್ರಿಯ:
ಇದನ್ನು ಓದಿ ನನಗೆ ಕೋಪ ಬಂತು. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳ ಕಟ್ಟಿದರು. ಚಿಟ್ಟಾಣಿ ರಾಮಚಂದ್ರ ಹೆಗಡೆಯವರಿಗೆ 2012ರಲ್ಲಿ ಪದ್ಮಶ್ರೀ ಬಂತು. ಇಷ್ಟೆಲ್ಲ ಆದ ಮೇಲೂ ನಮ್ಮ ಆಟವನ್ನು ನೆರೆಯವರ ಹೆಸರಿನಿಂದ ಕರೆದು ಹುಡುಕಬೇಕೇ?

ಅಘನಾಶಿನಿ:
ನಿಮ್ಮ ಕೋಪ ಸರಿ, ಕಾರಣ ಮಾತ್ರ ಸರಳವಾಗಿದೆ. ಕಲಿಕೆಗೆ ಬಳಸಿದ ಚಿತ್ರಗಳ ಕೆಳಗೆ ಜನ ಏನು ಬರೆದಿದ್ದರೋ ಅದನ್ನೇ ಅದು ಕಲಿತಿದೆ. ಕಥಕ್ಕಳಿ ಎಂದು ಬರೆದ ಚಿತ್ರಗಳು ಇಂಟರ್ನೆಟ್ಟಿನಲ್ಲಿ ರಾಶಿ ರಾಶಿ. ನಾವು ಹಾಕಿದ ಯಕ್ಷಗಾನದ ಫೋಟೋಗಳ ಕೆಳಗೆ ಏನಿರುತ್ತದೆ? "ನಿನ್ನೆಯ ಆಟ". ಯಾವ ವೇಷ, ಯಾವ ಪ್ರಸಂಗ, ಕೇದಗೆ ಮುಂದಲೆಯೋ ಕಿರೀಟವೋ, ಏನೂ ಇರುವುದಿಲ್ಲ. ಈಗ ಹಲವು ಭಾಷೆ ತಿಳಿಯುವ ಮಾದರಿಗಳು ಬಂದಿವೆ, ಗೂಗಲ್ 2025ರ ಫೆಬ್ರವರಿಯಲ್ಲಿ ಬಿಟ್ಟ ಸಿಗ್‌ಲಿಪ್ 2 ಅಂಥದು. ಅವು ಕೂಡ ಬರೆದಿಟ್ಟದ್ದನ್ನೇ ಕಲಿಯುತ್ತವೆ.

ಅಲ್ಲಿಯವರೆಗೆ ಹೆಸರಿನ ಬದಲು ಕಣ್ಣಿಗೆ ಕಾಣುವುದನ್ನು ವರ್ಣಿಸಿ. ಅಂತರಪಟ ಎಂದರೆ ಅದಕ್ಕೆ ತಿಳಿಯದು. "ಇಬ್ಬರ ನಡುವೆ ಹಿಡಿದ ಬಿಳಿ ಬಟ್ಟೆ" ಎಂದರೆ ತಿಳಿಯುತ್ತದೆ. ಶಿರಸಿಯ ಹೋಳಿಯ ಬೇಡರ ವೇಷವನ್ನು "ಬೆನ್ನಿಗೆ ನವಿಲುಗರಿ ಕಟ್ಟಿ ಗುರಾಣಿ ಹಿಡಿದ ಮನುಷ್ಯ" ಎಂದು ಕೇಳಿ ನಾನೇ ಪಡೆದಿದ್ದೇನೆ.

ಅಂಕೋಲೆಯ ಶಿಕ್ಷಕಿ:
ಚಿತ್ರದ ಮಾತಾಯಿತು, ದನಿಯ ಮಾತು ಯಾರೂ ಎತ್ತಲಿಲ್ಲ. ನಾನು ನಮ್ಮ ಕಡೆಯ ಹಾಲಕ್ಕಿ ಸಮುದಾಯದ ಅಜ್ಜಿಯಂದಿರ ಹಾಡುಗಳನ್ನು ಹತ್ತು ವರ್ಷಗಳಿಂದ ವಿಡಿಯೋ ಮಾಡಿಕೊಂಡು ಬಂದಿದ್ದೇನೆ. ಯಾವ ಹಾಡು ಎಲ್ಲಿದೆ ಎಂದು ತಿಳಿಯಲು ವಿಸ್ಪರ್ ಎಂಬ ಉಚಿತ ಮಾದರಿಗೆ ಕೊಟ್ಟೆ, ಮಾತನ್ನು ಬರಹ ಮಾಡುತ್ತದೆ ಎಂದು. ನನ್ನ ಸಂದರ್ಶನದ ಪ್ರಶ್ನೆಗಳನ್ನು ಪರವಾಗಿಲ್ಲ ಎನ್ನುವಂತೆ ಬರೆಯಿತು. ಅಜ್ಜಿಯ ಉತ್ತರಕ್ಕೆ ಬಂದಾಗ ಅರ್ಧಕ್ಕರ್ಧ ತಪ್ಪು. ಹಾಡು ಶುರುವಾದ ಮೇಲೆ ಒಂದೇ ಪದವನ್ನು ನಲವತ್ತು ಸಲ ಬರೆದು ನಿಂತಿತು.

ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡ ಅಜ್ಜಿ 2025ರ ಫೆಬ್ರವರಿಯಲ್ಲಿ ಹೋದರು. ಹಾಡಿನಲ್ಲಿ ಬರುವ ಒಂದು ಗಿಡದ ಹೆಸರು, ಒಂದು ಆಭರಣದ ಹೆಸರು ಕೇಳಿ ತಿಳಿಯಲು ನಮಗೆ ಇನ್ನು ಎಷ್ಟು ಮಂದಿ ಉಳಿದಿದ್ದಾರೆ? ಕೊನೆಗೆ ಒಬ್ಬ ಅಜ್ಜಿಯ ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೈಯಿಂದಲೇ ಬರೆದೆವು. ಎರಡು ರಜೆಗಳಲ್ಲಿ 40 ಹಾಡು ಮುಗಿದಿವೆ.

ಅಘನಾಶಿನಿ:
ಟೀಚರ್, ಅದಕ್ಕೆ ಕಾರಣವಿದೆ. ವಿಸ್ಪರ್ 2022ರ ಸೆಪ್ಟೆಂಬರಿನಲ್ಲಿ ಬಂದಾಗ 6,80,000 ಗಂಟೆಗಳ ಧ್ವನಿಯಿಂದ ಕಲಿತಿತ್ತು. ಅದರಲ್ಲಿ ಇಂಗ್ಲಿಷ್ ಬಿಟ್ಟು ಉಳಿದ 96 ಭಾಷೆಗಳಿಗೆಲ್ಲ ಸೇರಿ 1,17,000 ಗಂಟೆ. ಕನ್ನಡದ ಪಾಲು ಬಹಳ ಸಣ್ಣದು, ಹಾಲಕ್ಕಿಯವರ ಕನ್ನಡ ಅದರಲ್ಲಿ ಇರುವ ಸಂಭವವೇ ಕಡಿಮೆ. ಸಂಗೀತ ಅಥವಾ ಮೌನ ಬಂದಾಗ ಇಲ್ಲದ ಮಾತನ್ನು ಹೆಣೆಯುವುದು, ಒಂದನ್ನೇ ತಿರುಗಿ ತಿರುಗಿ ಬರೆಯುವುದು ಅದರ ಹಳೆಯ ರೋಗ.

ಐಐಟಿ ಮದ್ರಾಸಿನ ಎಐ4ಭಾರತ್ ತಂಡದ ಇಂಡಿಕ್ ಕನ್‌ಫಾರ್ಮರ್ ಮಾದರಿಯನ್ನು ಒಮ್ಮೆ ನೋಡಿ. 22 ಭಾಷೆಗಳಿಗೆ ಮಾಡಿದ್ದು, ಕನ್ನಡ, ಕೊಂಕಣಿ ಎರಡೂ ಇವೆ. ಹಾಡಿಗಲ್ಲ, ಮಾತಿಗೆ.

ಕಾಳಿ ತೀರ:
ಕೊಂಕಣಿಯ ಬಗ್ಗೆ ಒಂದು ಸೂಚನೆ. ವಿಸ್ಪರಿನ ಪಟ್ಟಿಯಲ್ಲಿ ಕೊಂಕಣಿ ಇಲ್ಲ. ನಮ್ಮ ಕಾರವಾರದ ಸಂದರ್ಶನಗಳನ್ನು ಅದು ಮರಾಠಿ ಎಂದುಕೊಂಡು ಬರೆಯುತ್ತದೆ. ಇನ್ನೂ ಕೆಟ್ಟದ್ದೆಂದರೆ, ಮೊದಲ 30 ಸೆಕೆಂಡ್ ಕೇಳಿ ಭಾಷೆ ತೀರ್ಮಾನಿಸುತ್ತದೆ. ಆರಂಭದಲ್ಲಿ ಯಾರೋ ಕೊಂಕಣಿಯಲ್ಲಿ "ಹೇಗಿದ್ದೀರಿ" ಎಂದು ಕೇಳಿದ್ದರೆ ಮುಂದಿನ ಒಂದು ಗಂಟೆಯ ಕನ್ನಡವೂ ಹಾಳು. ಭಾಷೆ ಕನ್ನಡ ಎಂದು ನೀವೇ ಮೊದಲು ಹೇಳಿ, ಆಮೇಲೆ ಓಡಿಸಿ.

ಅಂಕೋಲೆಯ ಶಿಕ್ಷಕಿ:
ಇದು ಬಹಳ ಉಪಕಾರವಾಯಿತು. ಇನ್ನೊಂದು ಮಾತು. ಮುಖ, ದನಿ ಇವನ್ನು ಯಾವುದಾದರೂ ಸೇವೆಗೆ ಏರಿಸುವ ಮೊದಲು ಆ ಜನರನ್ನು ಕೇಳಬೇಕು ಎಂದು ನಾನು ಹಟ ಹಿಡಿಯುತ್ತೇನೆ. ಹಾಡು ಅಜ್ಜಿಯದು, ಕ್ಯಾಮೆರಾ ನನ್ನದಾದ ಮಾತ್ರಕ್ಕೆ ನನ್ನದಾಗುವುದಿಲ್ಲ.

ಬೆಟ್ಟದ ಹಾದಿ:
ಮದುವೆಗೆ ಬಂದ 800 ಮಂದಿಯನ್ನು ಒಬ್ಬೊಬ್ಬರಾಗಿ ಕೇಳಲು ಸಾಧ್ಯವೇ?

ಅಂಕೋಲೆಯ ಶಿಕ್ಷಕಿ:
ಸಾಧ್ಯವಿಲ್ಲ. ಹಾಗಾದರೆ ಏರಿಸಬೇಡಿ, ನಿಮ್ಮ ಕಂಪ್ಯೂಟರಿನಲ್ಲೇ ಮಾಡಿ. ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆ 2023ರಲ್ಲೇ ಆಗಿದೆ, ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿವೆ. ಕಾನೂನಿನ ಮಾತು ಬಿಡಿ, ಊಟಕ್ಕೆ ಕರೆದವರ ಮುಖವನ್ನು ಗುರುತಿಲ್ಲದವರ ಕೈಗೆ ಕೊಡುವುದು ನಮ್ಮ ಕಡೆಯ ರೀತಿಯೇ ಅಲ್ಲ.

ಬೆಟ್ಟದ ಹಾದಿ:
ಒಪ್ಪಿದೆ.

ಮೊದಲ ಮಳೆ:
ವಿಷಯಾಂತರವಾಗುತ್ತದೆ, ಆದರೂ ಕೇಳುತ್ತೇನೆ: ಮಿನಿ ಡಿವಿ ಟೇಪುಗಳಿಗೆ ಬಿಳಿ ಬೂಷ್ಟು ಹಿಡಿದಿದೆ. ಹಾಗೆಯೇ ಓಡಿಸಬಹುದೇ?

ಹಳೆಯ ರೀಲು:
ಬೇಡವೇ ಬೇಡ! ಬೂಷ್ಟು ಹಿಡಿದ ಟೇಪನ್ನು ಪ್ಲೇಯರಿಗೆ ಹಾಕಿದರೆ ಹೆಡ್ಡಿಗೆ ಮೆತ್ತಿಕೊಳ್ಳುತ್ತದೆ, ಆಮೇಲೆ ಹಾಕಿದ ಒಳ್ಳೆಯ ಟೇಪಿಗೂ ಅಂಟುತ್ತದೆ. ಮೊದಲು ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಕೆಲವು ವಾರ ಇಡಿ. ಆಮೇಲೆ ಸ್ವಚ್ಛ ಮಾಡಲು ಬಲ್ಲವರ ಕೈಗೆ ಕೊಡಿ. ನಮ್ಮ ಮಲೆನಾಡಿನ ನಾಲ್ಕು ತಿಂಗಳ ಮಳೆಗೆ ಕಪಾಟಿನಲ್ಲಿಟ್ಟ ಚರ್ಮದ ಚಪ್ಪಲಿಯೇ ಹಸಿರಾಗುತ್ತದೆ, ಟೇಪಿನ ಮಾತೇನು. ಟೇಪನ್ನು ಕಂಪ್ಯೂಟರಿಗೆ ಇಳಿಸುವಾಗ ಒಂದು ಗಂಟೆಯ ಟೇಪಿಗೆ ಒಂದು ಗಂಟೆಯೇ ಬೇಕು, ವೇಗವಾಗಿ ಆಗುವುದಿಲ್ಲ. ಶಿರಸಿಯವರ 60 ಟೇಪಿಗೆ 60 ಗಂಟೆ, ಗಂಟೆಗೆ 13 ಜಿಬಿ ಜಾಗ. ಎಐ ಮಾತು ಆಮೇಲಿರಲಿ, ಈ ಕೆಲಸ ಈ ಬೇಸಿಗೆಯಲ್ಲೇ ಮುಗಿಸಿ.

ಶಿರಸಿಯ ಛಾಯಾಗ್ರಾಹಕ:
ಮೂರು ವಾರ ಇತ್ತ ಬರಲಾಗಲಿಲ್ಲ. ಆದದ್ದನ್ನೆಲ್ಲ ಹೇಳುತ್ತೇನೆ.

ಅಘನಾಶಿನಿ ತಂಗಿ ಕೊಟ್ಟ ಆಜ್ಞೆಯಿಂದ ಹಿಮ್ಮೇಳದ ಭಾಗ ಕತ್ತರಿಸಿದೆ. ಡಾವಿಂಚಿಯ ಸ್ಟುಡಿಯೋ ಆವೃತ್ತಿ ಇರುವ ಸ್ನೇಹಿತನೊಬ್ಬ ಕಂಪ್ಯೂಟರನ್ನು ಒಂಬತ್ತು ರಾತ್ರಿ ಬಿಟ್ಟುಕೊಟ್ಟ. ನಡುವೆ ಎರಡು ಸಲ ಕರೆಂಟು ಹೋಗಿ ಮತ್ತೆ ಮೊದಲಿನಿಂದ ಮಾಡಬೇಕಾಯಿತು. ಮದ್ದಲೆಗಾರರ ಒಂದು ಫೋಟೋ ನೋಡಿಕೊಂಡು ಬುಟ್ಟಿಗಳನ್ನು ತಡಕಿದೆ. ಅವರದೆಂದು ಇದ್ದ ಬುಟ್ಟಿಯಲ್ಲಿ 61 ತುಣುಕು. ನೋಡಿದರೆ 23 ಮಾತ್ರ ಅವರು, ಉಳಿದವು ಇನ್ನಿಬ್ಬರು. ಆ 23ರಲ್ಲಿ ಹೆಚ್ಚಿನವು ಮಸುಕು. ಒಂದರಲ್ಲಿ, ಭಾಗವತರು ಪದ್ಯ ನಿಲ್ಲಿಸಿದ ಹೊತ್ತಿನಲ್ಲಿ ಅವರ ಎರಡೂ ಕೈ ಚೆನ್ನಾಗಿ ಕಾಣುತ್ತವೆ. ಒಂದೂವರೆ ನಿಮಿಷ.

ಮಗನನ್ನು ಕರೆದು ತೋರಿಸಿದೆ. ನೋಡುತ್ತಾ ನೋಡುತ್ತಾ ಅವನು, ಅಪ್ಪಯ್ಯ ಮದ್ದಲೆ ಮುಟ್ಟುವ ಮುಂಚೆ ಎಲೆ ಅಡಿಕೆಯ ಕವಳ ಹಾಕದೆ ಏಳುತ್ತಿರಲಿಲ್ಲ ಎಂದ. ಆಗ ಹೊಳೆಯಿತು. ನಾನು ಚೌಕಿಯಲ್ಲಿ ಆಗಾಗ ಸುಮ್ಮನೆ ತೆಗೆದ ತುಣುಕುಗಳಿವೆ, ಅವನ್ನು ಹುಡುಕಾಟಕ್ಕೆ ಸೇರಿಸಿಯೇ ಇರಲಿಲ್ಲ. ಸೇರಿಸಿ, ಕಾಳಿ ತೀರದವರು ಹೇಳಿದ ಫಲಕದಲ್ಲಿ "ಎಲೆ ಅಡಿಕೆ" ಎಂಬುದನ್ನು ಇಂಗ್ಲಿಷಿನಲ್ಲಿ ಹಾಕಿದೆ, ಏನೂ ಬರಲಿಲ್ಲ. "ಕುಳಿತು ಹಸಿರು ಎಲೆ ಮಡಚುತ್ತಿರುವ ಮನುಷ್ಯ" ಎಂದೆ. ನಾಲ್ಕನೆಯ ಫಲಿತಾಂಶ ಅವರೇ. 2013ರದು, 42 ಸೆಕೆಂಡು. ಎಲೆಯ ಹಿಂಭಾಗ ಒರೆಸಿ ಸುಣ್ಣ ಹಚ್ಚುತ್ತಾರೆ, ಪಕ್ಕದವರಿಗೂ ಒಂದು ಮಡಚಿ ಕೊಡುತ್ತಾರೆ, ಕ್ಯಾಮೆರಾ ಕಡೆ ನೋಡಿ "ಹೊತ್ತಾಯಿತು, ಹೋಗೋಣ" ಎನ್ನುತ್ತಾರೆ. ಮಗ ಆ ಮಾತನ್ನು ಎಂಟು ಹತ್ತು ಸಲ ಹಾಕಿಸಿಕೊಂಡ. ಪಕ್ಕದಲ್ಲಿ ಕವಳ ತೆಗೆದುಕೊಂಡವರು ಯಾರು, ಹಿಂದೆ ಗೆಜ್ಜೆ ಕಟ್ಟುತ್ತಿರುವವರು ಯಾರು ಎಂದು ಅವನೇ ಹೇಳಿದ, ಎಲ್ಲ ಬರೆದುಕೊಂಡೆ.

ತಾಳಮದ್ದಲೆ ಪ್ರಿಯ:
ಬಹಳ ಸಂತೋಷವಾಯಿತು. ಓದುತ್ತಾ ಕಣ್ಣು ಒದ್ದೆಯಾಯಿತು. ನಿಮ್ಮ ಉಳಿದ ಡಿಸ್ಕುಗಳ ಹಿಮ್ಮೇಳದವರ ಹೆಸರು ನಾನು ಹೇಳಬಲ್ಲೆ, ಆ ಕಾಲದ ಆಟಗಳಿಗೆ ನಾನೂ ಹೋಗುತ್ತಿದ್ದೆ. ನನ್ನ ಬಳಿ ಹತ್ತು ಟೇಪುಗಳೂ ಇವೆ. ತರಲೇ?

ಶಿರಸಿಯ ಛಾಯಾಗ್ರಾಹಕ:
ಖಂಡಿತ ಬನ್ನಿ. ಸೋಮವಾರ ಮದುವೆ ಇಲ್ಲ, ಇಡೀ ದಿನ ಕುಳಿತುಕೊಳ್ಳೋಣ, ಮಧ್ಯಾಹ್ನದ ಊಟ ನಮ್ಮ ಮನೆಯಲ್ಲೇ. ಬೂಷ್ಟು ಇದ್ದರೂ ಟೇಪುಗಳನ್ನು ಬಿಸಿಲಿಗೆ ಇಡಬೇಡಿ, ಹಾಗೆಯೇ ಡಬ್ಬಿಯಲ್ಲಿ ತನ್ನಿ.